ಕೈಯಿಂದ ಕೈಗೆ

ಒಂದು ಸೋಮವಾರ ಮಧ್ಯಾಹ್ನ, ಎರಡು ಪಾಠಗಳ ನಡುವಿನ ಬಿಡುವಿನಲ್ಲಿ, ನನ್ನ ಸಹಪಾಠಿಯೊಬ್ಬ ಕೇಳಿದ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ. ಹಿಂದಿನ ದಿನದ ಕ್ರಿಕೆಟ್ ಪಂದ್ಯಕ್ಕೆ ನಾನು ಬರಲಿಲ್ಲವೆಂದು ಅವನಿಗೆ ಕೋಪ. ಭಾನುವಾರ ಬೆಳಿಗ್ಗೆ ನಾನು ಮನೆಯವರೊಂದಿಗೆ ದೇವಾಲಯಕ್ಕೆ ಹೋಗುವವನೆಂದು ಅವನಿಗೆ ಗೊತ್ತು. ಗೊತ್ತಿದ್ದೂ ಕೇಳಿದ: "ನಿಮ್ಮ ದೇವರು ವಿಜಯನಗರದಲ್ಲಿ ಇಲ್ಲವೇನಯ್ಯಾ? ಅಷ್ಟು ದೂರ ಹೋಗಿ ಇಂಗ್ಲಿಷಿನಲ್ಲಿ ಪ್ರಾರ್ಥನೆ ಮಾಡಿ ಬರುವ ಬದಲು, ಮನೆಯಲ್ಲೇ ಬಾಗಿಲು ಹಾಕಿಕೊಂಡು ಕುಳಿತರೆ ಆಗದೆ?"

ಜೊತೆಯಲ್ಲಿದ್ದವರು ನಕ್ಕರು. ನಾನೂ ನಕ್ಕೆ. ಆದರೆ ಸಂಜೆ ಮನೆಗೆ ಹೋಗುವಾಗ ಆ ಮಾತು ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದಿತ್ತು. ಆಗ ಹೇಳಲಾಗದ ಉತ್ತರವನ್ನು ಈಗ ಬರೆಯುತ್ತಿದ್ದೇನೆ. ವಾಚಕರಲ್ಲಿ ಬಹು ಮಂದಿ ಅನ್ಯ ಮತಗಳವರು. ಮತಬೋಧನೆ ನನ್ನ ಉದ್ದೇಶವಲ್ಲವೆಂದು ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ.

ಗೆಳೆಯನ ಪ್ರಶ್ನೆಯಲ್ಲಿ ಒಂದು ಭಾಗ ತಪ್ಪು ತಿಳಿವಳಿಕೆ, ಇನ್ನೊಂದು ಭಾಗ ನಿಜವಾಗಿಯೂ ಕಠಿಣವಾದುದು. ತಪ್ಪನ್ನು ಮೊದಲು ತಿದ್ದಿಬಿಡೋಣ. ನಾವು ಪ್ರಾರ್ಥಿಸುವುದು ಕನ್ನಡದಲ್ಲಿ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಯಲ್ಲಿ ಆರಂಭಿಸಿದ ಭಾಷಾಂತರ ಕಾರ್ಯದಿಂದ 1831ರ ವೇಳೆಗೆ ಇಡೀ ಸತ್ಯವೇದವು ಕನ್ನಡದಲ್ಲಿ ಅಚ್ಚಾಗಿತ್ತು. ಬಾಸೆಲ್ ಮಿಷನ್ನಿನ ಕಿಟ್ಟೆಲ್ಲರ ನಿಘಂಟು 1894ರದು. ಅದನ್ನು ನಮ್ಮ ಕನ್ನಡ ವಿದ್ಯಾರ್ಥಿಗಳೆಲ್ಲ ಬಲ್ಲರು. ಅದೇ ಕಿಟ್ಟೆಲ್ಲರು 1862ರಲ್ಲಿ ಕ್ರಿಸ್ತನ ಚರಿತ್ರೆಯನ್ನು ಕನ್ನಡ ಛಂದಸ್ಸಿನಲ್ಲಿ ಕಟ್ಟಿ 'ಕಥಾಮಾಲೆ'ಯೆಂದು ಪ್ರಕಟಿಸಿದುದನ್ನು ಬಲ್ಲವರು ಕಡಿಮೆ. ಕಾರ್ಪೊರೇಷನ್ ಬಳಿ 1904ರಲ್ಲಿ ಕಟ್ಟಿದ ಹಡ್ಸನ್ ದೇವಾಲಯವಾಗಲಿ, ಅವೆನ್ಯೂ ರಸ್ತೆಯ ಗದ್ದಲದ ನಡುವೆ ನಿಂತಿರುವ ರೈಸ್ ಸ್ಮಾರಕ ದೇವಾಲಯವಾಗಲಿ ಕನ್ನಡ ಸಭೆಗಳೇ. ನನ್ನ ಅಜ್ಜಿಗೆ ಇಂಗ್ಲಿಷಿನ ಒಂದಕ್ಷರವೂ ಬರುತ್ತಿರಲಿಲ್ಲ. ದಾವೀದನ ಕೀರ್ತನೆಗಳು ಮಾತ್ರ ಎಷ್ಟೋ ಬಾಯಿಪಾಠವಾಗಿದ್ದವು.

ಇನ್ನು ಕಠಿಣವಾದ ಭಾಗ. ಬಾಗಿಲು ಹಾಕಿಕೊಂಡು ಒಬ್ಬನೇ ಕುಳಿತರೆ ಏಕೆ ಸಾಲದು?

ನಮ್ಮ ಮನೆಯ ವಿಷಯದಿಂದಲೇ ಪ್ರಾರಂಭಿಸುತ್ತೇನೆ. ವಿಜಯನಗರದಲ್ಲಿ ಕನ್ನಡ ಕ್ರೈಸ್ತರು ಒಂದೇ ಬೀದಿಯಲ್ಲಿ ಗುಂಪಾಗಿ ನೆಲೆಸಿದವರಲ್ಲ. ಅತ್ತಿಗುಪ್ಪೆಯಲ್ಲಿ ಒಂದು ಮನೆ, ಹಂಪಿನಗರದಲ್ಲಿ ಎರಡು, ಮೂಡಲಪಾಳ್ಯದ ಕಡೆ ಒಂದು, ಹೀಗೆ ಚದುರಿಹೋಗಿದ್ದೇವೆ. 2015ರ ನವೆಂಬರಿನಲ್ಲಿ ವಿಜಯನಗರಕ್ಕೆ ಮೆಟ್ರೋ ಬರುವವರೆಗೆ ನಮ್ಮ ಸಭೆಯ ಆರಾಧನೆಗೆ ಹೋಗಬೇಕಾದರೆ ಎರಡು ಬಸ್ಸು ಹಿಡಿಯಬೇಕಾಗಿತ್ತು. ಅಜ್ಜಿ ಸೆರಗಿನ ತುದಿಯಲ್ಲಿ ಕಾಣಿಕೆಯ ಹಣ ಗಂಟು ಹಾಕಿಕೊಂಡು ಮೆಜೆಸ್ಟಿಕ್ಕಿನಲ್ಲಿ ನನ್ನ ರಟ್ಟೆ ಹಿಡಿದು ಓಡುತ್ತಿದ್ದುದು ನನಗೆ ಈಗಲೂ ನೆನಪಿದೆ. ಇಷ್ಟು ಕಷ್ಟಪಡುವವರಿಗೆ ಮನೆಯಲ್ಲಿ ಪ್ರಾರ್ಥನೆ ಇರಲಿಲ್ಲವೆಂದಲ್ಲ. ರಾತ್ರಿ ಎಂಟು ಗಂಟೆಗೆ ದೂರದರ್ಶನ ಆರಿಸಿ, ಚಾಪೆ ಹಾಸಿ, ಒಂದು ಕೀರ್ತನೆ ಹಾಡಿ, ಸತ್ಯವೇದದ ಒಂದು ಅಧ್ಯಾಯ ಓದಿ, ಪ್ರಾರ್ಥನೆ ಮಾಡಿಯೇ ಊಟ.

ಆ ಪ್ರಾರ್ಥನೆಯಲ್ಲಿ ಅಜ್ಜಿ ಹೆಸರು ಹಿಡಿದು ಬೇಡುತ್ತಿದ್ದರು. ಮಕ್ಕಳು, ಸೊಸೆಯಂದಿರು, ಊರಿನಲ್ಲಿದ್ದ ತಂಗಿ, ಕೆಳಗಿನ ಮನೆಯ ಅಮ್ಮನ ಮಂಡಿನೋವು, ಗ್ಯಾಸ್ ಸಿಲಿಂಡರ್ ತರುವ ಹುಡುಗ, ನನಗೆ ಲೆಕ್ಕದಲ್ಲಿ ಸೊನ್ನೆ ಕೊಟ್ಟ ಮೇಷ್ಟರು. ಹಸಿದ ಮಕ್ಕಳಿಗೆ ಆ ಪಟ್ಟಿ ಮುಗಿಯುವುದೇ ಇಲ್ಲವೆನಿಸುತ್ತಿತ್ತು. ಯಾರೊಡನೆಯಾದರೂ ಜಗಳವಾಗಿದ್ದರೆ ಅವರ ಹೆಸರು ಬಂದಾಗ ಅಜ್ಜಿಯ ಸ್ವರ ತಗ್ಗುತ್ತಿತ್ತು, ಹೆಸರು ಮಾತ್ರ ಬಿಟ್ಟುಹೋಗುತ್ತಿರಲಿಲ್ಲ. ಬಿಟ್ಟಾರೆಯೇ ಎಂದು ನಾನು ಒಂದು ಕಣ್ಣು ತೆರೆದು ಕಾಯುತ್ತಿದ್ದುದುಂಟು.

ಶುಕ್ರವಾರ ಸಂಜೆ ಸರದಿಯ ಮೇಲೆ ಒಬ್ಬೊಬ್ಬರ ಮನೆಯಲ್ಲಿ ಕೂಡುವ ಪ್ರಾರ್ಥನಾಕೂಟ ಬೇರೆ. ಹತ್ತು ಹದಿನೈದು ಮಂದಿ. ಮೆಟ್ಟಿಲ ಮೇಲೆ ಚಪ್ಪಲಿಗಳ ರಾಶಿ, ಪಕ್ಕದ ಮನೆಯಿಂದ ಎರವಲು ತಂದ ಕುರ್ಚಿಗಳು, ಕೊನೆಯಲ್ಲಿ ಕಾಫಿ ಮತ್ತು ಉಪ್ಪಿಟ್ಟು. ಇಂಥ ಕೂಟಕ್ಕೆ ಕನ್ನಡ ಸತ್ಯವೇದದಲ್ಲಿ ಒಂದು ಸೊಗಸಾದ ಮಾತಿದೆ: ಅನ್ಯೋನ್ಯತೆ. ದಂಪತಿಗಳ ವಿಷಯದಲ್ಲಿ ಮಾತ್ರ ನಾವು ಸಾಮಾನ್ಯವಾಗಿ ಬಳಸುವ ಪದವದು. ಇಲ್ಲಿ ಬಿ.ಎಂ.ಟಿ.ಸಿ. ನಿರ್ವಾಹಕರಿಗೂ ನಿವೃತ್ತ ದಾದಿಯೊಬ್ಬರಿಗೂ ಕಾಲೇಜು ಹುಡುಗನಿಗೂ ನಡುವೆ ಇರಬೇಕಾದ ಸಂಬಂಧಕ್ಕೆ ಅದೇ ಹೆಸರು. ಯಾರ ಮನೆಯಲ್ಲಿ ಅಕ್ಕಿ ಮುಗಿದಿದೆ, ಯಾರ ಮಗ ಕೆಲಸ ಕಳೆದುಕೊಂಡ, ಯಾರು ಮೂರು ವಾರದಿಂದ ಕಾಣಿಸಲಿಲ್ಲ ಎಂಬುದೆಲ್ಲ ಅಲ್ಲಿ ತಿಳಿಯುತ್ತದೆ. ಪ್ರಾರ್ಥನೆಯ ನೆಪದಲ್ಲಿ ಹರಟೆ ಎನ್ನುವವರಿದ್ದಾರೆ. ಹರಟೆಯೂ ಇದೆ, ಒಪ್ಪುತ್ತೇನೆ. ಮನೆಯೊಂದರಲ್ಲಿ ಪ್ರಾರ್ಥನೆಗೆ ನಾಲ್ಕು ಜನ ಸೇರಿದರೆ ಸಂಶಯದಿಂದ ನೋಡುವವರಿರುವ ಕಾಲವೂ ಇದು. ಆದರೆ ಕೆಳಗಿನ ಮನೆಯ ಅಮ್ಮ ಮಾತ್ರ ಪ್ರತಿ ಸಾರಿಯೂ ಮೆಟ್ಟಿಲ ಬಳಿ ನಿಂತು, "ನಮ್ಮ ಮೊಮ್ಮಗನ ಪರೀಕ್ಷೆ ಐತೆ, ಅವನ ಹೆಸರೂ ಒಂದು ಸಾರಿ ಹೇಳಿಬಿಡ್ರಮ್ಮ" ಎಂದು ಹೇಳಿ, ತಾವು ಮಾರುತಿ ಮಂದಿರಕ್ಕೆ ಹೋಗುತ್ತಿದ್ದರು.

ಗೆಳೆಯನ ಪಕ್ಷದಲ್ಲಿ ಬಲವಾದ ಸಾಕ್ಷಿಯೊಂದಿದೆ. ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಮತ್ತಾಯನ ಸುವಾರ್ತೆಯ ಆರನೆಯ ಅಧ್ಯಾಯದಲ್ಲಿ ಯೇಸುಸ್ವಾಮಿಯೇ, ಜನರು ನೋಡಲೆಂದು ಬೀದಿಯ ಮೂಲೆಯಲ್ಲಿ ನಿಂತು ಪ್ರಾರ್ಥಿಸುವವರನ್ನು ಕಪಟಿಗಳೆಂದು ಕರೆದು, ನೀನು ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಂಡು ಪ್ರಾರ್ಥಿಸೆಂದು ಬೋಧಿಸಿದ್ದಾನೆ. ಇದಕ್ಕೇನು ಹೇಳುವುದು? ನಾನು ಆ ಅಧ್ಯಾಯವನ್ನು ಮುಂದಕ್ಕೂ ಓದಿ ನೋಡಿದೆ. ಬಾಗಿಲು ಮುಚ್ಚಿಕೊಂಡವನು ಏನೆಂದು ಪ್ರಾರ್ಥಿಸಬೇಕೆಂದು ಅಲ್ಲೇ ಕಲಿಸಲಾಗಿದೆ. ಆ ಪುಟ್ಟ ಪ್ರಾರ್ಥನೆಯಲ್ಲಿ 'ನಾನು', 'ನನ್ನ', 'ನನಗೆ' ಎಂಬ ಪದಗಳು ಒಂದು ಸಾರಿಯೂ ಬರುವುದಿಲ್ಲ. ತಂದೆಯೆಂದು ಕರೆಯುವಾಗಲೂ, ಅನ್ನ ಕೇಳುವಾಗಲೂ, ಕ್ಷಮೆ ಬೇಡುವಾಗಲೂ 'ನಮ್ಮ', 'ನಮಗೆ' ಎಂದೇ ಇದೆ. ಬಾಗಿಲು ಮುಚ್ಚಿ ಒಬ್ಬನೇ ಕುಳಿತವನ ಬಾಯಲ್ಲಿ ಬಹುವಚನ! ಕೋಣೆಯೊಳಗೆ ಅವನೊಡನೆ ಬೇರೆಯವರೂ ಬಂದು ಕುಳಿತಿದ್ದಾರೆಂದಾಯಿತಲ್ಲವೆ? ತೋರಿಕೆಯನ್ನು ಹೊರಗಿಡಲು ಬಾಗಿಲು ಹಾಕಬೇಕೆಂದು ಯೇಸು ಹೇಳಿದನೇ ಹೊರತು ಜನರನ್ನು ಹೊರಗಿಡಲೆಂದಲ್ಲ ಎಂದು ನನ್ನ ತಿಳಿವಳಿಕೆ.

ಏಕಾಂತವನ್ನೇ ವ್ರತವಾಗಿ ತೆಗೆದುಕೊಂಡವರಲ್ಲಿಯೂ ಹೀಗೆಯೇ. ವಿಜಯನಗರದಿಂದ ಮೈಸೂರು ರಸ್ತೆ ಹಿಡಿದು ಕೆಂಗೇರಿ ದಾಟಿದರೆ ಆಶೀರ್ವನವೆಂಬ ಬೆನೆಡಿಕ್ಟೈನ್ ಸಂನ್ಯಾಸಿಗಳ ಮಠವಿದೆ. 1955ರಲ್ಲಿ ಇಂಗ್ಲೆಂಡಿನಿಂದ ಭಾರತಕ್ಕೆ ಬಂದ ಬೀಡ್ ಗ್ರಿಫಿತ್ಸ್ ಎಂಬ ಸಂನ್ಯಾಸಿ ತಮ್ಮ ಸಂಗಡಿಗ ಬೆನೆಡಿಕ್ಟ್ ಆಲಪ್ಪಾಟರೊಡನೆ ಮೊದಲು ಆಶ್ರಮ ಕಟ್ಟಲು ಪ್ರಯತ್ನಿಸಿದುದು ಈ ಕೆಂಗೇರಿಯಲ್ಲಿಯೇ. ಅದು ಕೈಗೂಡದೆ ಅವರು 1958ರಲ್ಲಿ ಕೇರಳದ ಕುರಿಶುಮಲೆಗೆ ಹೋದರು. ಕೆಂಗೇರಿಯಲ್ಲಿ ಬೆನೆಡಿಕ್ಟೈನರ ಬಾಳು ಬೇರೆ ಸಂನ್ಯಾಸಿಗಳಿಂದ ಮುಂದುವರಿಯಿತು. ಮೌನ ಅವರ ನಿಯಮ. ಆದರೂ ಗಂಟೆ ಬಾರಿಸಿದೊಡನೆ ಕೈಯಲ್ಲಿದ್ದ ಕೆಲಸ ಬಿಟ್ಟು ಎಲ್ಲರೂ ಒಂದೆಡೆ ಕೂಡಿ ಕೀರ್ತನೆ ಹೇಳುವುದೂ, ಬಾಗಿಲಿಗೆ ಬಂದ ಅತಿಥಿಯನ್ನು ಕ್ರಿಸ್ತನೇ ಬಂದನೆಂದು ಬರಮಾಡಿಕೊಳ್ಳುವುದೂ ಆರನೆಯ ಶತಮಾನದ ಸಂತ ಬೆನೆಡಿಕ್ಟನ ಕಟ್ಟಳೆ. ಮಾತು ಬಿಟ್ಟವರೂ ಜೊತೆಯನ್ನು ಬಿಡಲಿಲ್ಲ.

ಇಷ್ಟೆಲ್ಲ ಪೀಠಿಕೆ ಹಾಕಿದುದು ಒಂದು ಸಣ್ಣ ಆಚರಣೆಯ ವಿಷಯ ಹೇಳುವುದಕ್ಕಾಗಿ. ಹೊರಗಿನವರು ಅದನ್ನು ಕಂಡಿರಲಾರರು; ಒಳಗಿನ ನಮ್ಮವರೂ ಅದಕ್ಕೆ ಹೆಚ್ಚು ಬೆಲೆ ಕೊಟ್ಟವರಲ್ಲ.

ಮಿಷನ್ನುಗಳ ಕಾಲದಲ್ಲಿ ಪ್ರೊಟೆಸ್ಟಂಟರಲ್ಲಿ ಪಂಗಡಗಳು ಅನೇಕ. ಹಡ್ಸನ್ ದೇವಾಲಯ ವೆಸ್ಲಿಯನರದು, ರೈಸ್ ದೇವಾಲಯ ಲಂಡನ್ ಮಿಷನ್ನಿನದು. ಇಂಗ್ಲೆಂಡಿನ ಭಿನ್ನಾಭಿಪ್ರಾಯಗಳನ್ನು ನಮ್ಮ ಹಿರಿಯರು ಅರ್ಥವಾಗದೆಯೇ ಹೊತ್ತುಕೊಂಡಿದ್ದರು. ದೇಶಕ್ಕೆ ಸ್ವಾತಂತ್ರ್ಯ ಬಂದ ಆರು ವಾರಗಳಲ್ಲಿ, 1947ರ ಸೆಪ್ಟೆಂಬರ್ 27ರಂದು, ಮದರಾಸಿನಲ್ಲಿ ಇಂಥ ಪಂಗಡಗಳು ಒಂದಾಗಿ 'ದಕ್ಷಿಣ ಭಾರತ ಸಭೆ' ಉದಯಿಸಿತು. 1950ರಲ್ಲಿ ಆ ಸಭೆ ಕರ್ತನ ಭೋಜನಕ್ಕೆ ಹೊಸ ಆರಾಧನಾಕ್ರಮವೊಂದನ್ನು ರಚಿಸಿಕೊಂಡಾಗ, ಕೇರಳದ ಸಿರಿಯನ್ ಕ್ರೈಸ್ತರಲ್ಲಿ ಬಹು ಪ್ರಾಚೀನ ಕಾಲದಿಂದ ಉಳಿದುಬಂದಿದ್ದ ಒಂದು ಪದ್ಧತಿಯನ್ನು ಅದರಲ್ಲಿ ಸೇರಿಸಿಕೊಂಡಿತು. ಸಮಾಧಾನವನ್ನು ಕೈಯಿಂದ ಕೈಗೆ ದಾಟಿಸುವುದು. ಸಭಾಪಾಲಕರು ತಮ್ಮ ಬಲ ಅಂಗೈಯನ್ನು ಎದುರಿಗಿರುವವನ ಬಲ ಅಂಗೈಗೆ ಸೇರಿಸುತ್ತಾರೆ. ಇಬ್ಬರೂ ಎಡಗೈಯನ್ನು ಅದರ ಮೇಲೆ ಮುಚ್ಚುತ್ತಾರೆ. ಹೀಗೆ ಪಡೆದವನು ಇಳಿದುಬಂದು ಬೆಂಚಿನ ತುದಿಯಲ್ಲಿರುವವನಿಗೆ ಕೊಡುತ್ತಾನೆ; ಅವನು ಪಕ್ಕದವನಿಗೆ, ಅವನು ಮತ್ತೊಬ್ಬನಿಗೆ. ಇದು ನಡೆಯುವುದು ಕಾಣಿಕೆ ಅರ್ಪಿಸುವುದಕ್ಕೆ ಮುಂಚೆ. ನಿನ್ನ ಸಹೋದರನಿಗೆ ನಿನ್ನ ಮೇಲೆ ಏನಾದರೂ ಇದ್ದರೆ ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ಅವನೊಡನೆ ಒಂದಾಗೆಂದು ಯೇಸು ಬೋಧಿಸಿದುದೇ ಈ ಕ್ರಮಕ್ಕೆ ಆಧಾರ. ಕಥೋಲಿಕರ ಬಲಿಪೂಜೆಯಲ್ಲಿಯೂ 1969ರ ಸುಧಾರಣೆಯ ನಂತರ ಜನರೆಲ್ಲ ಪರಸ್ಪರ ಸಮಾಧಾನ ಹೇಳುವ ಪದ್ಧತಿ ಬಂದಿತು. ನಮ್ಮ ದೇಶದಲ್ಲಿ ಅವರು ಅದನ್ನು ಕೈಮುಗಿದು ಹೇಳುವುದು ವಾಡಿಕೆ.

ಕನ್ನಡದಲ್ಲಿ 'ಸಮಾಧಾನ'ವೆಂಬ ಮಾತನ್ನು ನಾವು ಹೇಗೆ ಬಳಸುತ್ತೇವೆಂದು ಸ್ವಲ್ಪ ಯೋಚಿಸಿ. ಅತ್ತವರಿಗೆ ಸಮಾಧಾನ ಹೇಳುತ್ತೇವೆ. ಜಗಳವಾಡಿದವರನ್ನು ಸಮಾಧಾನ ಮಾಡುತ್ತೇವೆ. ಬಹುಮಟ್ಟಿಗೆ ಅದನ್ನು ತರಲು ಇನ್ನೊಬ್ಬ ಬೇಕು. ತನ್ನ ಬಲಗೈಯನ್ನು ತನ್ನ ಎಡಗೈಗೆ ಕೊಟ್ಟುಕೊಂಡು ಯಾರೂ ಈ ಆಚರಣೆಯನ್ನು ಮುಗಿಸಲಾರರು.

ನಮ್ಮ ಮನೆಯ ಒಂದು ಕಹಿ ಪ್ರಸಂಗವನ್ನು ಇಲ್ಲಿ ಹೇಳಬೇಕಾಗಿದೆ. ತಂದೆಯವರ ಅನುಮತಿ ಪಡೆದೇ ಬರೆಯುತ್ತಿದ್ದೇನೆ. ತಾತ ಬಿಟ್ಟುಹೋದ ಮೂವತ್ತು-ನಲವತ್ತರ ನಿವೇಶನವೊಂದರ ಮೇಲೆ ತಂದೆಯವರಿಗೂ ದೊಡ್ಡಪ್ಪನವರಿಗೂ ವ್ಯಾಜ್ಯ ಹುಟ್ಟಿತು. ಮಾತು ನಿಂತಿತು. ಕೋರ್ಟು ಹತ್ತಿದರು. ಒಂದೇ ಸಭೆಗೆ ಬರುತ್ತಿದ್ದರೂ ಅವರು ಬಲಗಡೆಯ ಬೆಂಚು, ನಾವು ಎಡಗಡೆಯ ಬೆಂಚು. ಹಬ್ಬದ ದಿನ ಅಜ್ಜಿ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಕುಳಿತುಕೊಳ್ಳುತ್ತಿದ್ದರು. ಹೀಗೆ ನಾಲ್ಕು ವರ್ಷ.

ಒಂದು ಭಾನುವಾರ, ಸಭಾಪಾಲಕರ ಬಳಿಯಿಂದ ಸಮಾಧಾನ ತರಬೇಕಾಗಿದ್ದ ಹಿರಿಯರೊಬ್ಬರು ಬಂದಿರಲಿಲ್ಲ. ದೊಡ್ಡಪ್ಪನವರನ್ನು ಕರೆದರು. ಅವರು ಹೋಗಿ, ಕೈ ಪಡೆದು, ನಡುದಾರಿಯಲ್ಲಿ ಇಳಿದು ಬಂದರು. ಒಂದೊಂದೇ ಬೆಂಚಿನ ತುದಿಯಲ್ಲಿ ನಿಂತು ಕೈಕೊಡುತ್ತ ನಮ್ಮ ಬೆಂಚಿಗೆ ಬಂದರು. ತುದಿಯಲ್ಲಿದ್ದವರು ತಂದೆಯವರು. ಇಬ್ಬರೂ ಒಂದು ಕ್ಷಣ ನಿಂತುಬಿಟ್ಟರು. ತಂದೆಯವರು ಕೈ ನೀಡದಿದ್ದರೆ ತಾಯಿಗೆ, ನನಗೆ, ನಮ್ಮಾಚೆ ಕುಳಿತಿದ್ದ ಮುದುಕಿಯೊಬ್ಬರಿಗೆ, ಇಡೀ ಸಾಲಿಗೆ ಅದು ಬರುವಂತಿಲ್ಲ. ಆ ಮುದುಕಿ ಏನೂ ತಿಳಿಯದೆ ಆಗಲೇ ಕೈ ಚಾಚಿಕೊಂಡು ನಿಂತಿದ್ದರು. ತಂದೆಯವರು ಅವರ ಕಡೆ ಒಮ್ಮೆ ನೋಡಿ, ತಿರುಗಿ ಅಣ್ಣನಿಗೆ ಕೈ ಕೊಟ್ಟರು.

ಕಥೆಯಾಗಿದ್ದರೆ ಇಲ್ಲಿ ಇಬ್ಬರೂ ತಬ್ಬಿಕೊಂಡು ಅಳಬೇಕು. ಹಾಗೇನೂ ಆಗಲಿಲ್ಲ. ಅಂದು ಮೆಟ್ರೋದಲ್ಲಿ ತಂದೆಯವರು ವಿಜಯನಗರ ಬರುವವರೆಗೆ ಮಾತನಾಡಲಿಲ್ಲ. ವ್ಯಾಜ್ಯ ಮುಂದುವರಿದು, ಕೊನೆಗೆ ಇಬ್ಬರಿಗೂ ತೃಪ್ತಿಯಿಲ್ಲದ ಪಾಲಿನಲ್ಲಿ ಮುಗಿಯಿತು. ಆದರೆ ಆ ದಿನದ ನಂತರ ಪ್ರತಿ ತಿಂಗಳೂ ಅವರಿಬ್ಬರ ಕೈಗಳು ಒಂದಲ್ಲ ಒಂದು ರೀತಿಯಲ್ಲಿ ಸೇರುತ್ತಿದ್ದವು. ಕ್ರಿಸ್ಮಸ್ಸಿಗೆ ದೊಡ್ಡಮ್ಮ ಡಬ್ಬಿಯಲ್ಲಿ ಕಜ್ಜಾಯ ಕಳುಹಿಸಿದರು. ತಾಯಿ ಖಾಲಿ ಡಬ್ಬಿ ಹಿಂದಿರುಗಿಸಬಾರದೆಂದು ಅದರಲ್ಲಿ ರವೆಯುಂಡೆ ತುಂಬಿದರು. ಮನಸ್ಸು ಒಪ್ಪಿದ ಮೇಲೆ ಕೈ ಚಾಚುವುದು ಲೋಕರೂಢಿ. ಇವರ ವಿಷಯದಲ್ಲಿ ಕೈ ಮೊದಲು ಹೋಯಿತು. ಮನಸ್ಸು ಪೂರ್ತಿ ಹಿಂದೆ ಹೋಯಿತೆಂದು ನಾನು ಪ್ರಮಾಣ ಮಾಡಲಾರೆ.

2020ರಲ್ಲಿ ಎಲ್ಲವೂ ನಿಂತಿತು. ಮಾರ್ಚ್ ಕೊನೆಯಲ್ಲಿ ದೇಶಕ್ಕೆ ಬೀಗ ಬಿದ್ದಾಗ ನಾವು ಶ್ರಮಕಾಲದ ನಡುವಿನಲ್ಲಿದ್ದೆವು. ಏಪ್ರಿಲ್ 10ರ ಶುಭ ಶುಕ್ರವಾರ, 12ರ ಪುನರುತ್ಥಾನದ ಹಬ್ಬ ಎರಡೂ ಫೋನಿನ ಪರದೆಯ ಮೇಲೆ ಕಳೆದವು. ರಾಜ್ಯದಲ್ಲಿ ಪೂಜಾಸ್ಥಳಗಳು ತೆರೆದದ್ದು ಜೂನ್ 8ರಂದು. ಅನಂತರವೂ ವೃದ್ಧರು ಬರಬಾರದೆಂದು ನಿಯಮ. ಫೋನಿನ ಆರಾಧನೆಯನ್ನು ನಾನು ಹಳಿಯುವುದಿಲ್ಲ. ಅಷ್ಟರಲ್ಲಿ ಹಾಸಿಗೆ ಹಿಡಿದಿದ್ದ ನನ್ನ ಅಜ್ಜಿಗೆ ಅದೊಂದೇ ಆಸರೆಯಾಗಿತ್ತು. ಅವರು ತಲೆಯ ಮೇಲೆ ಸೆರಗು ಹೊದ್ದು, ಕಾಣಿಕೆಯ ಹಣವನ್ನು ಒಂದು ಲೋಟದಲ್ಲಿ ಹಾಕಿ, ಫೋನಿನ ಮುಂದೆ ಒರಗಿ ಕುಳಿತುಕೊಳ್ಳುತ್ತಿದ್ದರು. ಸಮಾಧಾನದ ಘಳಿಗೆ ಬಂದಾಗ ಸಭಾಪಾಲಕರು ಪರದೆಯ ಮೇಲೆ ಕೈಮುಗಿದರು. ಅಜ್ಜಿಗೆ ಅದು ಸಾಲದಾಯಿತು. ಪಕ್ಕದ ಕೋಣೆಯಲ್ಲಿ ಬೇರೊಂದು ಫೋನು ಹಿಡಿದು ಆಟವಾಡುತ್ತಿದ್ದ ನನ್ನನ್ನು ಕೂಗಿದರು. "ಬಾರೋ ಇಲ್ಲಿ. ಯಾರ ಕೈಯಾದರೂ ಬೇಕಲ್ಲೋ."

ನಾನು ಹೋಗಿ ಕೈಕೊಟ್ಟು, ಆಟ ನಿಲ್ಲಬಾರದೆಂದು ಓಡಿಬಂದೆ. ಹದಿನೈದು ವರ್ಷದ ಹುಡುಗನಿಗೆ ಅಷ್ಟೇ ತಿಳಿವಳಿಕೆ. ಅಜ್ಜಿ 2022ರಲ್ಲಿ ತೀರಿಕೊಂಡರು. ಸುದ್ದಿ ಮುಟ್ಟಿಸಲು ಮಧ್ಯಸ್ಥರು ಬೇಕಾಗಲಿಲ್ಲ. ತಂದೆಯವರೇ ಫೋನು ಮಾಡಿದರು. ದೊಡ್ಡಪ್ಪನವರು ಅರ್ಧ ಗಂಟೆಯಲ್ಲಿ ಬಂದರು, ಪೆಟ್ಟಿಗೆಯ ಮುಂಭಾಗಕ್ಕೆ ಅಣ್ಣತಮ್ಮಂದಿರಿಬ್ಬರೂ ಹೆಗಲು ಕೊಟ್ಟರು.

ಮತ್ತೆ ಜನ ಕೂಡತೊಡಗಿದ ಮೇಲೆ ನಡೆದ ಮೊದಲ ಸುಗ್ಗಿಹಬ್ಬವನ್ನು ನಾನು ಮರೆಯಲಾರೆ. ಕ್ರಿಸ್ಮಸ್ಸಿನ ದೀಪಗಳನ್ನು ಎಲ್ಲರೂ ಬಲ್ಲರು. ಈ ಹಬ್ಬವನ್ನು ಬಲ್ಲವರು ಕಡಿಮೆ. ಬೆಳೆಯ ಪ್ರಥಮ ಫಲವನ್ನು ದೇವರಿಗೆ ಅರ್ಪಿಸುವುದು ಇದರ ಮೂಲ. ಬೆಂಗಳೂರಿನ ನಮಗೆ ಹೊಲವೆಲ್ಲಿಯದು? ಒಬ್ಬರು ತಾರಸಿಯ ಕುಂಡದ ಟೊಮೇಟೊ ತರುತ್ತಾರೆ, ಒಬ್ಬರು ಕೆ.ಆರ್. ಮಾರುಕಟ್ಟೆಯ ಬಾಳೆಗೊನೆ, ಇನ್ನೊಬ್ಬರು ಕೇಕು, ಮತ್ತೊಬ್ಬರು ಕಾಲು ಕಟ್ಟಿದ ಹುಂಜ. ಆರಾಧನೆ ಮುಗಿದೊಡನೆ ಅಂಗಳದಲ್ಲಿ ಹರಾಜು. ಆ ಹರಾಜಿನ ಅರ್ಥಶಾಸ್ತ್ರವನ್ನು ನಮ್ಮ ಅರ್ಥಶಾಸ್ತ್ರದ ಅಧ್ಯಾಪಕರು ಒಪ್ಪಲಾರರು. ಆ ವರ್ಷ ಒಂದು ಕುಂಬಳಕಾಯಿ ಎಂಟುನೂರು ರೂಪಾಯಿಗೆ ಹೋಯಿತು. ಕೊಂಡವರು ಅದನ್ನು ಮತ್ತೆ ಹರಾಜಿಗೆ ಕೊಟ್ಟರು. ಅದು ಆರುನೂರಕ್ಕೆ ಹೋಯಿತು. ಮೂರನೆಯ ಸಾರಿ ಕೊಂಡವರು ಅದನ್ನು ದೇವಾಲಯದ ಕಾವಲುಗಾರನಿಗೆ ಕೊಟ್ಟರು. ಕಾವಲುಗಾರ ಕ್ರೈಸ್ತನಲ್ಲ, ಅಷ್ಟು ದೊಡ್ಡ ಕಾಯನ್ನು ಬಸ್ಸಿನಲ್ಲಿ ಹೇಗೆ ಒಯ್ಯುವುದೆಂಬುದೇ ಅವನ ಚಿಂತೆ. ಒಂದೂವರೆ ವರ್ಷ ಒಬ್ಬರ ಮುಖವನ್ನೊಬ್ಬರು ಮುಖವಸ್ತ್ರದ ಮೇಲೆ ನೋಡಿದ್ದ ಜನ ಅಂದು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಸೇರಿದ ಹಣದಲ್ಲಿ ಒಂದು ಪಾಲು, ರೋಗದಲ್ಲಿ ದುಡಿಯುವವರನ್ನು ಕಳೆದುಕೊಂಡಿದ್ದ ಕುಟುಂಬಗಳಿಗೆ ಹೋಯಿತು.

ನಮ್ಮಲ್ಲಿ ಕೊರತೆಗಳಿಲ್ಲವೆಂದು ವಾಚಕರು ಭಾವಿಸಬಾರದು. ಬಹಳ ಇವೆ. ಕೈಕೊಡುವಾಗ ಪರಿಚಿತರಿಗೆ ನಗುಮುಖ, ಅಪರಿಚಿತರಿಗೆ ಬೆರಳತುದಿ ಎಂಬುದು ನನ್ನ ಕಣ್ಣಿಗೇ ಬಿದ್ದಿದೆ. ಜಾತಿ ದೇವಾಲಯದ ಬಾಗಿಲಲ್ಲಿ ಚಪ್ಪಲಿಯಂತೆ ಉಳಿಯುವುದಿಲ್ಲ, ಒಳಗೂ ಬರುತ್ತದೆ. ಮದುವೆಯ ಮಾತು ಬಂದಾಗಲಂತೂ ಎದ್ದು ಕಾಣುತ್ತದೆ. ಆಡಳಿತ ಸಮಿತಿಯ ಚುನಾವಣೆ ಬಂದರೆ ಅನ್ಯೋನ್ಯತೆ ಆರು ತಿಂಗಳು ರಜೆಯ ಮೇಲೆ ಹೋಗುವುದೂ ಉಂಟು. ನನ್ನ ವಯಸ್ಸಿನವರು ಇದರಿಂದ ಬೇಸತ್ತು, ದೊಡ್ಡ ಸಭಾಂಗಣಗಳಲ್ಲಿ ಗಿಟಾರು ಡ್ರಮ್ಮುಗಳೊಡನೆ ನಡೆಯುವ ಕೂಟಗಳಿಗೆ ಹೋಗುತ್ತಿದ್ದಾರೆ. ಅಲ್ಲಿ ಸಂಗೀತ ಚೆನ್ನಾಗಿದೆ. ನಾನೂ ಎರಡು ಸಾರಿ ಹೋಗಿದ್ದೆ. ಸಾವಿರ ಜನರ ನಡುವೆ ಕಣ್ಣುಮುಚ್ಚಿ ಹಾಡಿ ಹೊರಬಂದಾಗ, ಪಕ್ಕದಲ್ಲಿ ನಿಂತಿದ್ದವರ ಹೆಸರು ನನಗೆ ತಿಳಿದಿರಲಿಲ್ಲ, ನನ್ನ ಹೆಸರು ಅವರಿಗೆ. ಅಲ್ಲಿ ನನಗೆ ಸಿಕ್ಕ ಸಂತೋಷ ಸುಳ್ಳೆನ್ನಲಾರೆ. ಆದರೆ ನಮ್ಮ ಸಣ್ಣ ಸಭೆಯಲ್ಲಿ ನನಗೆ ಇಷ್ಟವಿಲ್ಲದವರೂ ಇದ್ದಾರೆ, ನನ್ನನ್ನು ಇಷ್ಟಪಡದವರೂ ಇದ್ದಾರೆ; ಅವರ ಕೈಯನ್ನೂ ಹಿಡಿಯಬೇಕು. ನಾನು ಅಲ್ಲಿಗೆ ಹಿಂದಿರುಗಿದುದು ಅದಕ್ಕಾಗಿಯೇ.

ಈ ಬರಹದ ಕರಡನ್ನು ಮೊನ್ನೆ ಅದೇ ಗೆಳೆಯನಿಗೆ ಓದಿ ತೋರಿಸಿದೆ. ಪೂರ್ತಿ ಕೇಳಿ, "ಎಲ್ಲ ಸರಿ, ಭಾನುವಾರ ಫೀಲ್ಡಿಂಗಿಗೆ ಜನ ಸಾಲದಲ್ಲ, ಅದಕ್ಕೇನು ಮಾಡುತ್ತೀಯ?" ಎಂದ. ಸಂಜೆಯ ಆಟವಾದರೆ ಬರುತ್ತೇನೆಂದೆ. ಮುಂದಿನ ಶುಕ್ರವಾರದ ಪ್ರಾರ್ಥನಾಕೂಟ ನಮ್ಮ ಮನೆಯ ಸರದಿ, ಕುರ್ಚಿ ಹೊರಲು ಒಬ್ಬರು ಬೇಕೆಂದೂ ಹೇಳಿದೆ. ಅವನು ಸ್ವಲ್ಪ ಹೊತ್ತು ಯೋಚಿಸಿ, ಉಪ್ಪಿಟ್ಟಿಗೆ ಗೋಡಂಬಿ ಹಾಕುತ್ತಾರೆಯೇ ಎಂದು ವಿಚಾರಿಸಿದ.